ಹಳೇ ಲೆಕ್ಕ ಇಟ್ಟುಕೊಂಡೇ ಹೊಸ ಶುರು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. ಎಲ್ಲಾ ಕೆಟ್ಟ ಮೇಲೆ ಮತ್ತೆ ಶುರು ಮಾಡೋದು ಹೇಗೆ, ಬೈಬಲ್ ಓದಿದರೆ ಅದಕ್ಕೊಂದು ದಾರಿ ಸಿಗುತ್ತದಾ ಅಂತ. ತೀರ್ಥಹಳ್ಳಿ, ಸಾಗರ, ಕೊಪ್ಪ, ಭದ್ರಾವತಿ ಕಡೆಯ ಪತ್ರಗಳು. ಕ್ರೈಸ್ತರು ಬರೆದದ್ದೂ ಇವೆ, ಅಲ್ಲದವರು ಬರೆದದ್ದೂ ಇವೆ. ಯಾರ ಹೆಸರನ್ನೂ ಹಾಕಿಲ್ಲ. ಉದ್ದ ಪತ್ರಗಳಿಗೆ ಸ್ವಲ್ಪ ಕತ್ತರಿ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಅಡಿಕೆ ಚೇಣಿ ಹಿಡಿಯುತ್ತಿದ್ದವನು, ಅಂದರೆ ಬೇರೆಯವರ ತೋಟದ ಫಸಲನ್ನು ಮೊದಲೇ ಮಾತಾಡಿದ ದುಡ್ಡಿಗೆ ವಹಿಸಿಕೊಳ್ಳುವವನು. ಒಂದು ವರ್ಷ ಆಸೆಗೆ ಬಿದ್ದು ಜಾಸ್ತಿ ತೋಟ ಹಿಡಿದೆ. ಮಳೆ ಬಿಡಲಿಲ್ಲ, ಕೊಳೆರೋಗ ಬಂತು, ಕಾಯಿ ಎಲ್ಲಾ ನೆಲ ಸೇರಿತು. ತೋಟದವರಿಗೆ ಮಾತಾಡಿದ ದುಡ್ಡು ಕೊಡಲೇಬೇಕಿತ್ತು. ಭಾವನ ಹತ್ತಿರ ಕೈಸಾಲ ಮಾಡಿದೆ, ಹೆಂಡತಿಯ ಸರ ಅಡ ಇಟ್ಟೆ. ಆಮೇಲೆ ಕುಡಿತ. ಕೊನೆಗೆ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದೆ. ಜೊತೆಗಿದ್ದವನೊಬ್ಬ ಬೈಬಲ್ ಕೊಟ್ಟ, ರಾತ್ರಿ ಪಾಳಿಯಲ್ಲಿ ಕೂತು ಓದಿದೆ. ಕುಡಿತ ಬಿಟ್ಟು ಊರಿಗೆ ಬಂದಿದ್ದೇನೆ. ಕ್ರಿಸ್ತನಲ್ಲಿ ಇರುವವನು ಹೊಸ ಸೃಷ್ಟಿ, ಹಳೆಯದೆಲ್ಲ ಹೋಯಿತು ಅಂತ ಅದರಲ್ಲಿ ಇದೆ. ಆದರೆ ಇಲ್ಲಿ ಯಾರಿಗೂ ನಾನು ಹೊಸಬನಾಗಿ ಕಾಣುತ್ತಿಲ್ಲ. ಭಾವ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹೆಂಡತಿ ಹತ್ತು ರೂಪಾಯಿಗೂ ಲೆಕ್ಕ ಕೇಳುತ್ತಾಳೆ. ಹಾಗಾದರೆ ಆ ಮಾತು ಸುಳ್ಳಾ?
(ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಸುಳ್ಳಲ್ಲ ತಮ್ಮಾ. ಆದರೆ ಆ ಮಾತು ಬರೆದವನ ಕಥೆ ಗೊತ್ತಾದರೆ ಊರಿನವರ ಮೇಲಿನ ನಿಮ್ಮ ಸಿಟ್ಟು ಅರ್ಧ ಇಳಿಯುತ್ತದೆ.

ಅದು ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರ, 5ನೇ ಅಧ್ಯಾಯ, 17ನೇ ವಚನ. ಈ ಪೌಲ ಮೊದಲು ಸೌಲ ಅಂತ ಕರೆಸಿಕೊಳ್ಳುತ್ತಿದ್ದಾಗ ಏನು ಮಾಡುತ್ತಿದ್ದ? ಯೇಸುವನ್ನು ನಂಬಿದ್ದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ, ಕಲ್ಲು ಬೀರುವವರು ಕಳಚಿಟ್ಟ ಬಟ್ಟೆ ಇದ್ದದ್ದು ಇವನ ಕಾಲ ಬುಡದಲ್ಲಿ. ಆಮೇಲೆ ಮನೆಮನೆಗೆ ನುಗ್ಗಿ, ಯೇಸುವನ್ನು ನಂಬಿದವರನ್ನು ಗಂಡಸರು ಹೆಂಗಸರು ಅಂತ ನೋಡದೆ ಎಳೆದು ಜೈಲಿಗೆ ಹಾಕಿಸಿದ. ದಮಸ್ಕದ ದಾರಿಯಲ್ಲಿ ಬದಲಾಗಿ ತಾನೂ ಯೇಸುವನ್ನು ನಂಬಿದ, ಒಪ್ಪೋಣ. ಬದಲಾಗಿ ಯೆರೂಸಲೇಮಿಗೆ ಬಂದು ಶಿಷ್ಯರ ಜೊತೆ ಸೇರೋಣ ಅಂದರೆ ಎಲ್ಲರೂ ಹೆದರಿದರು. ಇವನೂ ನಮ್ಮವನು ಅಂತ ಒಬ್ಬರೂ ನಂಬಲಿಲ್ಲ. ಅವರದ್ದೇನು ತಪ್ಪು ಹೇಳಿ? ಅಣ್ಣನನ್ನೋ ತಂಗಿಯನ್ನೋ ಎಳೆದುಕೊಂಡು ಹೋದವನು ನಾಳೆ ಬಂದು ಬಾಗಿಲು ತಟ್ಟಿ, ನಾನು ಈಗ ಬೇರೆ ಮನುಷ್ಯ ಅಂದರೆ ಚಿಲಕ ತೆಗೆಯುತ್ತೀರಾ? ಆಗ ಬಾರ್ನಬ ಅನ್ನುವ ಒಬ್ಬ ಅವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ ಮುಂದೆ ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿ, ಜಾಮೀನು ನಿಂತ ಹಾಗೆ ನಿಂತ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಇದೆ, ಓದಿ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟ. ಪೌಲ, ಬಾರ್ನಬ ಇಬ್ಬರೂ ಊರೂರು ಸುತ್ತುವಾಗ ಮಾರ್ಕ ಅನ್ನುವ ಹುಡುಗ ಜೊತೆಗಿದ್ದ, ಬಾರ್ನಬನಿಗೆ ಸಂಬಂಧಿಕ. ಅವನು ಅರ್ಧ ದಾರಿಯಲ್ಲೇ ಕೈಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಮುಂದಿನ ಸಲ ಹೊರಡುವಾಗ ಬಾರ್ನಬ, ಹುಡುಗನನ್ನು ಕರೆದುಕೊಂಡು ಹೋಗೋಣ ಅಂದ. ಪೌಲ ಸುತಾರಾಂ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ನೋಡಿ, ಯಾರ ಮಾತಿನಿಂದ ತನಗೆ ಎರಡನೇ ಅವಕಾಶ ಸಿಕ್ಕಿತೋ ಅವನ ಎದುರೇ ನಿಂತು ಇನ್ನೊಬ್ಬನಿಗೆ ಅವಕಾಶ ಇಲ್ಲ ಅಂದ ಈ ಮಹಾನುಭಾವ. ಹೊಸ ಸೃಷ್ಟಿ ಅಂತ ಬರೆದವನೇ! ಬೈಬಲ್ ಇದನ್ನು ಮುಚ್ಚಿಟ್ಟಿಲ್ಲ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ವರ್ಷಗಳು ಕಳೆದ ಮೇಲೆ, ಜೈಲಿನಿಂದ ತನ್ನ ಜೊತೆಗಾರ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಮೇಲಂಗಿ ತಾ, ಪುಸ್ತಕ ತಾ ಅನ್ನುವ ಸಣ್ಣಪುಟ್ಟ ಮಾತಿನ ಜೊತೆಯಲ್ಲೇ ಪೌಲ ಹೇಳುತ್ತಾನೆ: ಮಾರ್ಕನನ್ನೂ ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ. ನಡುವೆ ಏನಾಯಿತು, ಮಾರ್ಕ ಹೇಗೆ ನಂಬಿಕೆ ಗಳಿಸಿದ, ಅದರ ವಿವರ ಅಲ್ಲಿಲ್ಲ. ಕೆಲಸ ಮಾಡಿಕೊಂಡು ಇದ್ದ, ಅಷ್ಟೇ.

ಹಾಗಾಗಿ ಎರಡು ಬೇರೆಬೇರೆ ಸಂಗತಿ. ದೇವರ ಎದುರು ನೀವು ಹೊಸಬರು, ಅದು ಇವತ್ತೇ. ಭಾವನ ಎದುರು ಹೊಸಬರಾಗೋದಕ್ಕೆ ವರ್ಷ ಬೇಕು. ಕೊಳೆಗೆ ಉದುರಿದ ಕಾಯಿ ಮತ್ತೆ ಗೊನೆಗೆ ಹೋಗಿ ಅಂಟುವುದಿಲ್ಲ, ಬೋರ್ಡೋ ಔಷಧಿ ಹೊಡೆಯೋದು ಉಳಿದ ಕಾಯಿಗೆ ಅಂತ ನಿಮಗೆ ನಾನು ಹೇಳಿಕೊಡಬೇಕಾ?

ತಪ್ಪಿಹೋದ ಮಗನ ಕಥೆ ನೀವು ಓದಿಯೇ ಇರುತ್ತೀರಿ, ಲೂಕ 15. ಅದರಲ್ಲಿ ಜನ ಗಮನಿಸದ ಒಂದು ಲೆಕ್ಕದ ಮಾತಿದೆ. ಶುರುವಿನಲ್ಲೇ ಅಪ್ಪ ಆಸ್ತಿಯನ್ನು ಇಬ್ಬರಿಗೂ ಪಾಲು ಮಾಡಿದ. ಕಿರಿಯವ ತನ್ನ ಪಾಲು ಕಳೆದ. ವಾಪಸ್ ಬಂದಾಗ ಒಳ್ಳೆಯ ನಿಲುವಂಗಿ, ಉಂಗುರ, ಕಾಲಿಗೆ ಜೋಡು, ಕೊಬ್ಬಿದ ಕರುವಿನ ಊಟ ಎಲ್ಲಾ ಸಿಕ್ಕಿತು. ಆದರೆ ಹಿರಿಯ ಮಗನಿಗೆ ಅಪ್ಪ ಏನು ಹೇಳಿದ? ನನ್ನದೆಲ್ಲಾ ನಿನ್ನದೇ ಅಂದ. ಅಂದರೆ ಕಿರಿಯವನಿಗೆ ಎರಡನೇ ಸಲ ಪಾಲು ಸಿಕ್ಕಿತು ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಮಗನ ಸ್ಥಾನ ವಾಪಸ್ ಬಂತು, ಕಳೆದ ಆಸ್ತಿ ಬರಲಿಲ್ಲ. ಇನ್ನೊಂದು, ಆ ಹಿರಿಯವ ಒಳಗೆ ಬಂದನಾ ಇಲ್ಲವಾ ಅಂತ ಯೇಸು ಹೇಳುವುದೇ ಇಲ್ಲ. ಅವನು ಅಂಗಳದಲ್ಲಿ ಸಿಟ್ಟು ಮಾಡಿಕೊಂಡು ನಿಂತಿರುವಾಗಲೇ ಕಥೆ ನಿಂತುಹೋಗುತ್ತದೆ. ನಿಮ್ಮ ಭಾವ ಸದ್ಯಕ್ಕೆ ಅಲ್ಲಿದ್ದಾರೆ. ಅವರನ್ನು ಕೈಹಿಡಿದು ಎಳೆಯಲು ಹೋಗಬೇಡಿ.

ಏನು ಮಾಡಬಹುದು ಹೇಳುತ್ತೇನೆ. ಯೆರಿಕೋ ಊರಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಇದ್ದನಲ್ಲ, ಯೇಸು ಅವನ ಮನೆಗೆ ಬಂದಾಗ ಅವನು ಎದ್ದು ನಿಂತು ಆಡಿದ್ದು ದುಡ್ಡಿನ ಮಾತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ನಿಮ್ಮಿಂದ ನಾಲ್ಕರಷ್ಟು ಆಗುವುದಿಲ್ಲ, ಬೇಡ. ಒಂದು ನೋಟ್‌ಪುಸ್ತಕ ತಗೊಳ್ಳಿ. ಯಾರಿಗೆ ಎಷ್ಟು, ಯಾವ ತಿಂಗಳು ತೆಗೆದುಕೊಂಡದ್ದು, ಬರೆಯಿರಿ. ಭಾವನ ಮನೆಗೆ ಹೋಗಿ ಜಗಲಿಯಲ್ಲೇ ನಿಂತು ಲೆಕ್ಕ ತೋರಿಸಿ, ತಿಂಗಳಿಗೆ ಇಷ್ಟು ಕೊಡುತ್ತೇನೆ ಅಂತ ಹೇಳಿ ಬನ್ನಿ. ವಚನ ಹೇಳಬೇಡಿ. ಹೊಸ ಸೃಷ್ಟಿಯ ಮಾತಂತೂ ಬೇಡವೇ ಬೇಡ, ಸಾಲ ಕೊಟ್ಟವರಿಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಅವರು ಕಾಫಿ ಕೊಡದಿದ್ದರೂ ಪರವಾಗಿಲ್ಲ, ಮುಂದಿನ ತಿಂಗಳು ಅದೇ ತಾರೀಖಿಗೆ ದುಡ್ಡು ಹೋಗಲಿ.

ಹೆಂಡತಿ ಲೆಕ್ಕ ಕೇಳುತ್ತಾರೆ ಅಂದಿರಿ. ಕೇಳಲಿ ಬಿಡಿ, ಮಾತು ಬಿಟ್ಟಿಲ್ಲವಲ್ಲ. ದುಡಿದದ್ದು ಪೂರ್ತಿ ಅವರ ಕೈಗೆ ಕೊಟ್ಟು ಬಸ್ಸಿನ ಖರ್ಚಿಗೆ ನೀವೇ ಕೇಳಿ ತಗೊಳ್ಳಿ. ಎಲ್ಲಕ್ಕಿಂತ ಮೊದಲು ಆ ಅಡವಿನ ಚೀಟಿ ಹುಡುಕಿ ಸರ ಬಿಡಿಸುವ ದಾರಿ ನೋಡಿ. ಬೇರೆ ಸಾಲ ಪುಸ್ತಕದಲ್ಲಿ ಇರುತ್ತದೆ, ಇದು ಅವರು ಕನ್ನಡಿ ಮುಂದೆ ನಿಂತಾಗಲೆಲ್ಲ ಕಾಣುವ ಸಾಲ. ಮದುವೆ ಮನೆಗೆ ಹೊರಟಾಗ ಸೆರಗು ಎಳೆದು ಕುತ್ತಿಗೆ ಮುಚ್ಚಿಕೊಳ್ಳುವ ಹೆಂಗಸರನ್ನು ನಾವೂ ನೋಡಿದ್ದೇವೆ.

ಚೇಣಿ ಈ ವರ್ಷ ಬೇಡ. ನನಗೆ ಚೇಣಿ ವ್ಯವಹಾರದ ಮೇಲೆ ಕೋಪ ಇಲ್ಲ, ಆದರೆ ಒಂದೇ ಏಟಿಗೆ ಎಲ್ಲಾ ತೀರಿಸಿಬಿಡುತ್ತೇನೆ ಅನ್ನುವ ಆಸೆಯೇ ಮೊದಲ ಸಲ ನಿಮ್ಮನ್ನು ಬೀಳಿಸಿದ್ದು. ಔಷಧಿ ಹೊಡೆಯೋದಕ್ಕೆ, ಅಡಿಕೆ ಗೊನೆ ತೆಗೆಯೋದಕ್ಕೆ ಆಳು ಸಿಗದೆ ತೋಟದವರು ಒದ್ದಾಡುತ್ತಾರೆ. ತೋಟ ಬಲ್ಲವರಿಗೆ ಕೆಲಸಕ್ಕೆ ಬರ ಇಲ್ಲ. ಮತ್ತೆ, ಕುಡಿತ ಬಿಟ್ಟವರು ಓದು, ಪ್ರಾರ್ಥನೆ ಸಾಕು ಅಂತ ಸುಮ್ನೆ ಕೂರಬಾರದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಒಂದು ಸಲ ಹೋಗಿ ಮಾತಾಡಿ. ಸುಗ್ಗಿ ಮುಗಿದು ಕೈಯಲ್ಲಿ ದುಡ್ಡು ಆಡುವ ಹೊತ್ತಿಗೆ ಹಳೇ ಗೆಳೆಯರು ಹುಡುಕಿಕೊಂಡು ಬರುತ್ತಾರೆ, ಅದಕ್ಕೆ ಮೊದಲೇ ಹೋಗಿ ಬನ್ನಿ.

ಪ್ರಶ್ನೆ: ಮೇಡಂ, ನಾವು ಕ್ರೈಸ್ತರು. ಗಂಡ ನನ್ನ ಹೆಸರಿನಲ್ಲಿ ಸಂಘದ ಸಾಲ ತೆಗೆದು ಹಾಳು ಮಾಡಿದರು. ಕೈ ಕೂಡ ಎತ್ತಿದ್ದಾರೆ. ನಾನು ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದೇನೆ, ಎಸ್ಟೇಟ್ ಕೆಲಸಕ್ಕೆ ಹೋಗುತ್ತೇನೆ. ಈಗ ಬಂದು, ನಾನು ಪ್ರಾರ್ಥನಾ ಕೂಟಕ್ಕೆ ಹೋಗಿ ಬದಲಾಗಿದ್ದೇನೆ, ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಯೇಸುವೇ ಹೇಳಿದ್ದಾರೆ, ಬಾ ಅನ್ನುತ್ತಾರೆ. ಅತ್ತೆಯೂ ಅದೇ ಹೇಳುತ್ತಾರೆ. ಹೋಗದಿದ್ದರೆ ಪಾಪವಾ?
(ಕೊಪ್ಪ ಕಡೆಯಿಂದ)

ಉತ್ತರ: ಇಲ್ಲಮ್ಮಾ, ಪಾಪ ಅಲ್ಲ.

ಮೇಲಿನ ಉತ್ತರವನ್ನು ನಿಮ್ಮ ಯಜಮಾನರು ಓದಿದರೆ ಒಳ್ಳೆಯದಿತ್ತು. ಏಳೆಪ್ಪತ್ತು ಸಲ ಅನ್ನುವ ಮಾತು ಮತ್ತಾಯ 18ರಲ್ಲಿದೆ, 22ನೇ ವಚನ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, 15ರಿಂದ 17ರವರೆಗೆ, ಇನ್ನೊಂದು ಮಾತಿದೆ, ಅದನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ತಪ್ಪು ಮಾಡಿದವನಿಗೆ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು, ಸಭೆಯ ಮಾತೂ ಕೇಳದಿದ್ದರೆ ಅವನು ಹೊರಗಿನವನು. ಕ್ಷಮೆ ಅಂದರೆ ಬಾಯಿ ಮುಚ್ಚಿಕೊಂಡು ವಾಪಸ್ ಹೋಗುವುದು ಅಂತ ಯೇಸು ಹೇಳಿಲ್ಲ.

ಯೋಸೇಫನ ಕಥೆ ನೋಡಿ, ಆದಿಕಾಂಡ 37ರಿಂದ. ಅಣ್ಣಂದಿರು ಅವನನ್ನು ಬಾವಿಗೆ ಹಾಕಿ, ಆಮೇಲೆ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಮಾರೋಣ ಅಂತ ಸಲಹೆ ಕೊಟ್ಟವನು ಯೆಹೂದ. ಬರಗಾಲ ಬಂದು ಅವರೇ ಧಾನ್ಯಕ್ಕಾಗಿ ಐಗುಪ್ತಕ್ಕೆ (ಈಜಿಪ್ಟಿಗೆ) ಬಂದು, ಅಷ್ಟರಲ್ಲಿ ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫನ ಮುಂದೆ ಗುರುತು ಸಿಗದೆ ನಿಂತಾಗ, ಅವನು ಕೂಡಲೇ ಓಡಿಹೋಗಿ ತಬ್ಬಿಕೊಂಡನಾ? ಇಲ್ಲ. ಒಬ್ಬನನ್ನು ಕೂಡಿಹಾಕಿದ. ಕಿರಿಯವನನ್ನು ಕರೆತನ್ನಿ ಅಂದ. ಅವರು ಬೆನ್ಯಾಮೀನನನ್ನು ಕರೆತಂದ ಮೇಲೆ ಅವನ ಚೀಲದಲ್ಲಿ ಬೆಳ್ಳಿ ಲೋಟ ಇಡಿಸಿ, ಕಳ್ಳನನ್ನು ಇಲ್ಲೇ ಗುಲಾಮನಾಗಿ ಬಿಟ್ಟು ಉಳಿದವರು ಹೋಗಬಹುದು ಅಂದ. ಅಂದರೆ, ಅಪ್ಪನ ಮುದ್ದಿನ ತಮ್ಮನನ್ನು ಬಿಟ್ಟು ನಡೆಯುವ ಅದೇ ಅವಕಾಶವನ್ನು ಮತ್ತೆ ಅವರ ಮುಂದೆ ಇಟ್ಟ. ಆಗ ಅದೇ ಯೆಹೂದ ಮುಂದೆ ಬಂದು, ಹುಡುಗನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಅಂದ. ಆ ಮಾತು ಕೇಳಿದ ಮೇಲೆ ಯೋಸೇಫನಿಗೆ ತಡೆಯಲಾಗದೆ ಜೋರಾಗಿ ಅತ್ತು, ತಾನು ಯಾರು ಅಂತ ಹೇಳಿದ್ದು. ಯೋಸೇಫನ ಮನಸ್ಸಿನಲ್ಲಿ ಸೇಡು ಇರಲಿಲ್ಲ, ಅಳು ಮೊದಲಿಂದಲೂ ಬರುತ್ತಿತ್ತು, ಬೇರೆ ಕೋಣೆಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬರುತ್ತಿದ್ದ. ಆದರೂ ನೋಡಿಯೇ ನಂಬಿದ.

ನೀವೂ ನೋಡಿ. ನಿಮ್ಮ ಹೆಸರಿನ ಸಾಲದ ಕಂತನ್ನು ಯಾರು ಕಟ್ಟುತ್ತಿದ್ದಾರೆ? ಕೈ ಎತ್ತಿದ್ದು ತಪ್ಪು ಅಂತ ನಿಮ್ಮ ಅಪ್ಪ, ಅಣ್ಣನ ಎದುರು, ಪಾದ್ರಿಗಳ ಎದುರು ಹೇಳಿದ್ದಾರಾ? ಅಥವಾ ಕೂಟದಲ್ಲಿ ಸಾಕ್ಷಿ ಹೇಳಿ ಚಪ್ಪಾಳೆ ಹೊಡೆಸಿಕೊಂಡದ್ದು ಅಷ್ಟೇನಾ? ಬದಲಾದವರಿಗೆ ಅವಸರ ಇರುವುದಿಲ್ಲ. ಹೆಂಡತಿ ಈ ವಾರವೇ ಬರಬೇಕು ಅಂತ ಹಟ ಹಿಡಿದವರು ಇನ್ನೂ ಬದಲಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ, ಅತ್ತೆಯವರಿಗೆ ಬೇಜಾರಾದರೆ ಆಗಲಿ. ಮತ್ತೆ, ಹೊಸ ಶುರು ಅವರೊಬ್ಬರಿಗೇ ಅಂತ ಯಾರು ಹೇಳಿದರು? ಮಗಳನ್ನು ಇಟ್ಟುಕೊಂಡು, ಕೆಲಸಕ್ಕೆ ಹೋಗಿ ನೀವು ಮಾಡುತ್ತಿರುವುದು ಅದೇ ಅಲ್ವಾ? ಮನೆ ಮುಂದೆ ಬಂದು ಗಲಾಟೆ ಮಾಡಿದರೆ 112ಕ್ಕೆ ಫೋನ್ ಮಾಡಿ, ಸಲಹೆ ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ. ಸಂಘದವರ ಹತ್ತಿರ ಸಾಲದ ಕಾಗದಗಳ ನಕಲು ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ತಾಯಿ, ನಮ್ಮದು ಶರಾವತಿ ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಾನು ಮಗು. ಅಪ್ಪ ಸಾಯುವವರೆಗೂ ಹಳೇ ಊರಿನ ಮಾತೇ ಆಡುತ್ತಿದ್ದರು. ಹೊಸ ಜಾಗದಲ್ಲಿ ಕಾಡು ಸವರಿ ತೋಟ ಮಾಡಿದೆವು, ಹಕ್ಕುಪತ್ರ ಇನ್ನೂ ಸರಿಯಾಗಿ ಕೈಗೆ ಬಂದಿಲ್ಲ. ಈಗ ತೋಟಕ್ಕೆ ಎಲೆಚುಕ್ಕಿ ರೋಗ. ಮಗ ಬೆಂಗಳೂರಿಗೆ ಬನ್ನಿ ಅನ್ನುತ್ತಾನೆ. ನಮ್ಮ ಚರ್ಚಿನ ಕ್ಯಾಲೆಂಡರಿನಲ್ಲಿ ಯೆರೆಮೀಯ 29:11 ಅಚ್ಚು ಹಾಕಿದ್ದಾರೆ, ನಿಮಗೆ ಒಳ್ಳೇ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ಮಾತು. ದಿನಾ ನೋಡುತ್ತೇನೆ. ಈ ವಯಸ್ಸಿಗೆ ಎಂಥ ಭವಿಷ್ಯ?
(ಸಾಗರ ತಾಲ್ಲೂಕು)

ಉತ್ತರ: ಸರ್, ಕ್ಯಾಲೆಂಡರಿನವರು ಆ ಒಂದು ವಚನ ಮಾತ್ರ ಹಾಕುತ್ತಾರೆ, ಜಾಗ ಸಾಲದು ಪಾಪ. ಅದರ ಹಿಂದಿನ ವಚನ, 10ನೆಯದು, ಎಪ್ಪತ್ತು ವರ್ಷ ಆದ ಮೇಲೆ ಅನ್ನುತ್ತದೆ. ಕೇಳಿದವರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ನೋಡುವುದಿಲ್ಲ ಅಂತ ಅರ್ಥ.

ಅದು ಒಂದು ಪತ್ರ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ರಾಜ ಯೆರೂಸಲೇಮಿನಿಂದ ರಾಜನನ್ನು, ಅಧಿಕಾರಿಗಳನ್ನು, ಬಡಗಿ ಕಮ್ಮಾರರನ್ನು ಹಿಡಿದುಕೊಂಡು ಹೋದ. ಊರಿನಲ್ಲೇ ಉಳಿದ ಪ್ರವಾದಿ ಯೆರೆಮೀಯ ಅವರಿಗೆ ಬರೆದ ಪತ್ರ ಅದು. ಅದೇ ಕಾಲಕ್ಕೆ ಹನನ್ಯ ಅನ್ನುವವನು, ಎರಡೇ ವರ್ಷದಲ್ಲಿ ಎಲ್ಲಾ ವಾಪಸ್ ಬರುತ್ತದೆ ಅಂತ ಜನರಿಗೆ ಹೇಳಿಕೊಂಡು ತಿರುಗುತ್ತಿದ್ದ, ಜನಕ್ಕೂ ಅದೇ ಬೇಕಿತ್ತು. ಈಗಿನ ಕಾಲದಲ್ಲಿ ಅವನಿಗೆ ಒಳ್ಳೇ ಮಾರ್ಕೆಟ್ ಇರುತ್ತಿತ್ತು. ಯೆರೆಮೀಯ ಅಂಥ ಭರವಸೆ ಕೊಡಲಿಲ್ಲ. ಅಲ್ಲೇ ಮನೆ ಕಟ್ಟಿ, ವಾಸ ಮಾಡಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಅಂದ. ತೋಟ ಮಾಡಿ ಅಂದವನಿಗೆ ಗೊತ್ತಿಲ್ಲವಾ, ಗಿಡ ನೆಟ್ಟವನು ಫಲ ನೋಡಬೇಕಾದರೆ ವರ್ಷಗಟ್ಟಲೆ ಕಾಯಬೇಕು ಅಂತ? ಅಡಿಕೆ ಸಸಿಗೆ ನೀವು ಎಷ್ಟು ವರ್ಷ ಕಾದಿರಿ ಅಂತ ನಿಮಗೇ ಗೊತ್ತು. ನಿಮ್ಮ ಅಪ್ಪ, ನೀವು ಕಾಡಿನ ನಡುವೆ ಮಾಡಿದ್ದು ಆ ಪತ್ರದಲ್ಲಿ ಬರೆದದ್ದನ್ನೇ. ಕ್ಯಾಲೆಂಡರಿನ ಭವಿಷ್ಯ ಇನ್ನು ಮುಂದೆ ಬರಬೇಕಾದದ್ದು ಅಂತ ನೀವು ತಿಳಿದಿದ್ದೀರಿ. ಅದರಲ್ಲಿ ಒಂದು ಪಾಲು ಆಗಲೇ ನಡೆದುಹೋಗಿದೆ, ನಿಮ್ಮ ಮಗ ಓದಿ ಕೆಲಸ ಹಿಡಿದದ್ದು ಆ ತೋಟದ ದುಡ್ಡಿನಿಂದ ಅಲ್ವಾ?

ಅಪ್ಪ ಹಳೇ ಊರಿನ ಮಾತೇ ಆಡುತ್ತಿದ್ದರು ಅಂತ ಬರೆದಿರಿ. ಅದನ್ನು ನಂಬಿಕೆ ಇಲ್ಲದವರ ಗೋಳು ಅಂತ ತಿಳಿಯಬೇಡಿ. ಬಾಬೆಲಿನಿಂದ ವಾಪಸ್ ಬಂದವರು ದೇವಾಲಯಕ್ಕೆ ಹೊಸ ಅಡಿಪಾಯ ಹಾಕಿದ ದಿನದ ಬಗ್ಗೆ ಎಜ್ರನ ಪುಸ್ತಕದಲ್ಲಿ ಇದೆ, 3ನೇ ಅಧ್ಯಾಯದ ಕೊನೆ. ಎಷ್ಟೋ ಜನ ಖುಷಿಯಿಂದ ಕೂಗುತ್ತಿದ್ದಾರೆ. ಹಳೇ ದೇವಾಲಯ ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಿದ್ದಾರೆ. ಯಾವುದು ಖುಷಿಯ ಸದ್ದು, ಯಾವುದು ಅಳುವಿನ ಸದ್ದು ಅಂತ ಜನರಿಗೆ ಗೊತ್ತಾಗಲಿಲ್ಲವಂತೆ. ಸುಮ್ಮನಿರಿ, ಒಳ್ಳೇ ದಿನ ಅಳಬೇಡಿ ಅಂತ ಮುದುಕರನ್ನು ಯಾರೂ ಗದರಿದ ಹಾಗೆ ಬರೆದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದಾಗ ನೋಡಲು ಹೋಗುವ ಹುಡುಗರು ಫೋಟೋ ತೆಗೆದುಕೊಳ್ಳುತ್ತಾರೆ, ವಯಸ್ಸಾದವರು ನಮ್ಮ ಮನೆ ಇದ್ದದ್ದು ಆ ಕಡೆ ಅಂತ ಕೈ ತೋರಿಸುತ್ತಾ ನಿಲ್ಲುತ್ತಾರೆ. ಎರಡೂ ಇರಲಿ.

ಬೆಂಗಳೂರಿಗೆ ಹೋಗಬೇಕಾ ಅನ್ನೋದಕ್ಕೆ ವಚನ ಹುಡುಕಬೇಡಿ. ಅಬ್ರಹಾಮ ಹಾರಾನ್ ಬಿಟ್ಟು ಹೊರಟಾಗ ಅವನಿಗೆ 75 ವರ್ಷ. (ಇದನ್ನು ಮಗನಿಗೆ ತೋರಿಸಬೇಡಿ, ನಾಳೆಯೇ ಲಾರಿ ಕರೆದುಕೊಂಡು ಬರುತ್ತಾನೆ.) ಇರಿ ಅನ್ನೋದಕ್ಕೂ ವಚನ ಸಿಗುತ್ತದೆ, ಹೋಗಿ ಅನ್ನೋದಕ್ಕೂ ಸಿಗುತ್ತದೆ. ಮಳೆಗಾಲ ಮಗನ ಮನೆಯಲ್ಲಿ, ಸುಗ್ಗಿಗೆ ಊರಲ್ಲಿ ಅಂತ ಒಂದು ವರ್ಷ ಮಾಡಿ ನೋಡಬಹುದಲ್ಲ. ಎಲೆಚುಕ್ಕಿಗೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ. ಹಕ್ಕುಪತ್ರದ ವಿಷಯ ಇತ್ಯರ್ಥ ಆಗುವವರೆಗೆ ಯಾವ ದಲ್ಲಾಳಿ ತಂದ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಪ್ರಶ್ನೆ: ಅಕ್ಕಾ, ಹೆರಿಗೆಯಲ್ಲಿ ಮಗು ಹೋದ ಮೇಲೆ ನನಗೆ ಪ್ರಾರ್ಥನೆ ಬರುವುದಿಲ್ಲ. ಬೈಬಲ್ ತೆರೆದರೆ ಅಕ್ಷರ ಮಾತ್ರ ಕಾಣುತ್ತದೆ. ಎಲ್ಲರೂ ಧೈರ್ಯ ತಗೋ, ಮತ್ತೆ ಆಗುತ್ತದೆ ಅನ್ನುತ್ತಾರೆ. ನನಗೆ ಎದ್ದು ಸ್ನಾನ ಮಾಡುವುದೇ ಕಷ್ಟ.
(ಭದ್ರಾವತಿ)

ಉತ್ತರ: ಬೈಬಲ್ ಮುಚ್ಚಿಡಿ ತಂಗಿ, ಸದ್ಯಕ್ಕೆ. ನಿಮ್ಮ ಬದಲು ಬೇರೆಯವರು ಪ್ರಾರ್ಥಿಸಲಿ.

ಎಲೀಯ ಅನ್ನುವ ದೊಡ್ಡ ಪ್ರವಾದಿಗೂ ಹೀಗೆ ಆಗಿತ್ತು, ಅರಸುಗಳ ಮೊದಲನೇ ಪುಸ್ತಕ, 19ನೇ ಅಧ್ಯಾಯ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂತ ಹೇಳಿ ಮಲಗಿಬಿಟ್ಟ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟರು. ಎರಡನೇ ಸಲವೂ ಅದೇ ಊಟ, ನಿನಗೆ ದಾರಿ ಬಹಳ ಇದೆ ಅನ್ನುವ ಒಂದು ಮಾತು ಮಾತ್ರ ಜಾಸ್ತಿ. ನಿಮ್ಮ ಮನೆಯವರು ಇದನ್ನು ಓದಲಿ. ಧೈರ್ಯದ ಮಾತು ಕಡಿಮೆ ಮಾಡಿ, ಬಿಸಿ ಗಂಜಿ ಕೊಟ್ಟು, ಸ್ನಾನಕ್ಕೆ ನೀರು ಕಾಯಿಸಿ ಕೊಡಲಿ. ಮತ್ತೆ ಆಗುತ್ತದೆ ಅನ್ನೋ ಮಾತಂತೂ ಬೇಡ. ಹೋದದ್ದು ಈ ಮಗು.

ಯಾವತ್ತಾದರೂ ಓದಬೇಕು ಅನ್ನಿಸಿದರೆ 88ನೇ ಕೀರ್ತನೆ ನೋಡಿ. ಬೇರೆ ಎಷ್ಟೋ ಕೀರ್ತನೆಗಳು ಅಳುವಿನಲ್ಲಿ ಶುರುವಾಗಿ ಸ್ತುತಿಯಲ್ಲಿ ಮುಗಿಯುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಅಂತಲೇ ಇಟ್ಟುಕೊಂಡಿದ್ದಾರೆ. ಆದರೆ ಇದಕ್ಕಿಂತ ಮೊದಲು ವೈದ್ಯರು. ಹೆರಿಗೆಯ ನಂತರ ಮನಸ್ಸು ಹೀಗೆ ಕುಸಿಯುವುದು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನುವ ಯೋಚನೆ ಬಂದಿದ್ದರೆ ಈ ಪುಟ ಪಕ್ಕಕ್ಕಿಟ್ಟು ಈಗಲೇ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಕಾಲೇಜು ಓದುತ್ತಿದ್ದೇನೆ. ಬೈಬಲ್ ಓದಿದರೆ ಮನಸ್ಸಿಗೆ ಸಮಾಧಾನ. ಮನೆಯಲ್ಲಿ ಗೊತ್ತಾದರೆ ಮತಾಂತರ ಅಂತ ಗಲಾಟೆ ಆಗುತ್ತದೆ. ಕದ್ದು ಓದಲಾ?
(ಶಿವಮೊಗ್ಗ)

ಉತ್ತರ: ಕದ್ದು ಯಾಕೆ ಓದಬೇಕು? ಓದುವುದು ಓದುವುದು ಅಷ್ಟೇ. ಅಪ್ಪ ಅಮ್ಮ ಕೇಳಿದರೆ ಪುಸ್ತಕವನ್ನು ಅವರ ಕೈಗೇ ಕೊಟ್ಟು, ಇದರಲ್ಲಿ ನನಗೆ ಇಷ್ಟವಾದದ್ದು ಇದು ಅಂತ ಒಂದು ಪುಟ ತೋರಿಸಿ. ಜ್ಞಾನೋಕ್ತಿಗಳು ಪುಸ್ತಕ ತೋರಿಸಿದರೆ ಒಳ್ಳೆಯದು, ಸೋಮಾರಿಯೇ ಇರುವೆಯ ಹತ್ತಿರ ಹೋಗಿ ಕಲಿ ಅನ್ನುವ ಮಾತು ಅದರಲ್ಲಿದೆ, ಯಾವ ಅಪ್ಪನಿಗಾದರೂ ಹಿಡಿಸುತ್ತದೆ. ಧರ್ಮದ ವಿಷಯ ದೊಡ್ಡದು, ಪರೀಕ್ಷೆಯ ಟೆನ್ಷನ್ನಿನಲ್ಲಿ, ಬೇಜಾರಿನಲ್ಲಿ ತೀರ್ಮಾನ ಮಾಡುವಂಥದ್ದಲ್ಲ. ನಿಮ್ಮನ್ನು ಅವಸರ ಪಡಿಸುವವರು ಯಾರೇ ಆಗಲಿ, ಯಾವ ಕಡೆಯವರೇ ಆಗಲಿ, ಸ್ವಲ್ಪ ದೂರ ಇಡಿ.

ಪ್ರಶ್ನೆ: ಎಲ್ಲಿಂದ ಶುರು ಮಾಡಬೇಕು? ಮೊದಲ ಪುಟದಿಂದ ಶುರು ಮಾಡಿ ಎರಡು ಸಲ ಅರ್ಧಕ್ಕೇ ನಿಂತಿದೆ. ಭಾಷೆಯೂ ಕಷ್ಟ.
(ಹೊಸನಗರ)

ಉತ್ತರ: ನೀವು ನಿಂತದ್ದು ಯಾಜಕಕಾಂಡದಲ್ಲಿ ಇರಬೇಕು, ಎಲ್ಲರೂ ಅಲ್ಲೇ ನಿಲ್ಲುವುದು! ಬೈಬಲ್ ಒಂದೇ ಪುಸ್ತಕ ಅಲ್ಲ, ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66, ಕ್ಯಾಥೊಲಿಕರದ್ದರಲ್ಲಿ 73 ಪುಸ್ತಕಗಳಿವೆ. ವರಸೆಯಾಗಿ ಓದಲೇಬೇಕು ಅಂತೇನೂ ಇಲ್ಲ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ. ಬರಗಾಲಕ್ಕೆ ಊರು ಬಿಟ್ಟು, ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಬರಿಗೈಯಲ್ಲಿ ವಾಪಸ್ ಬಂದ ಅತ್ತೆ, ಅವಳ ಬೆನ್ನು ಬಿಡದೆ ಬಂದ ಪರದೇಶದ ಸೊಸೆ. ಅವರು ಊರು ಮುಟ್ಟಿದ್ದು ಜವೆಗೋಧಿ ಕೊಯ್ಲು ಶುರುವಾದಾಗ, ಸೊಸೆ ಹಕ್ಕಲು, ಅಂದರೆ ಕೊಯ್ದವರು ಬಿಟ್ಟ ತೆನೆ ಆಯಲು ಹೋದಳು. ಆಮೇಲೆ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ, 16 ಅಧ್ಯಾಯ, ಸುವಾರ್ತೆಗಳಲ್ಲಿ ಇದೇ ಚಿಕ್ಕದು. ಆಮೇಲೆ ಲೂಕ. ನಡುನಡುವೆ ರಾತ್ರಿ ಒಂದೊಂದು ಕೀರ್ತನೆ.

ಭಾಷೆಯ ವಿಷಯ: ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರಿಂದ ಕನ್ನಡದಲ್ಲಿ ಪೂರ್ತಿ ಬೈಬಲ್ 1831ರ ಹೊತ್ತಿಗೇ ಬಂದಿತ್ತು, ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಮನೆಮನೆಗಳಲ್ಲಿರುವ ಸತ್ಯವೇದದ (ಕನ್ನಡ ಬೈಬಲಿನ) ಭಾಷೆ ಸ್ವಲ್ಪ ಹಳೆಯದು, ಕೇಳಲು ಚೆಂದ, ಹೊಸಬರಿಗೆ ಕಷ್ಟ. ಈಗ ಸರಳ ಕನ್ನಡದ ಅನುವಾದಗಳು ಸಿಗುತ್ತವೆ, ಮೊಬೈಲಿನಲ್ಲಿ ಪುಕ್ಕಟೆಯಾಗಿ ಓದಬಹುದು, ಕೇಳಲೂಬಹುದು. ನೆಟ್‌ವರ್ಕ್ ಸಿಗುವ ಕಡೆ ಹೋದಾಗ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಪುಸ್ತಕವೇ ಬೇಕು ಅನ್ನುವವರು ಕೊಳ್ಳುವಾಗ ದಪ್ಪ ಅಕ್ಷರದ ಪ್ರತಿ ಕೇಳಿ.